ನಡತೆ ತೃಪ್ತಿಕರ

"ಅರವತ್ತೆರಡು ಗಂಟೆ ಕಮ್ಮಿ ಇದೆ ಮೇಡಂ."

ಕೌಂಟರಿನ ಒಳಗಿದ್ದವನು ತಲೆ ಎತ್ತದೆ ಹೇಳಿದ. ವಾರಿಜಾಗೆ ಸಿಟ್ಟು ಬಂದದ್ದು ಆ ಅರವತ್ತೆರಡಕ್ಕಲ್ಲ, ಮೇಲೆ ಏಳದ ಆ ತಲೆಗೆ.

"ನನ್ನ ಮುಖ ನೋಡಿ ಹೇಳಿ."

ಅವನು ನೋಡಿದ. ನೋಡಿದವನು ಹೇಳಬೇಕಾದ್ದನ್ನು ಮರೆತು, ಕಿವಿಗೆ ಸಿಕ್ಕಿಸಿದ್ದ ಪೆನ್ನನ್ನು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡ.

೧೯೮೪ನೇ ಇಸವಿ. ಜಯನಗರದ ಆ ನರ್ಸಿಂಗ್ ಕಾಲೇಜಿನಲ್ಲಿ ವಾರಿಜಾ ಬಿ.ಎಸ್‌ಸಿ. ಕೊನೇ ವರ್ಷ. ಸುದ್ದಗುಂಟೆಪಾಳ್ಯದಿಂದ ದಿನಾ ನಡೆದೇ ಬರುತ್ತಿದ್ದಳು. ಅಪ್ಪ ಸಂಜೀವಯ್ಯ ಬಿಟಿಎಸ್ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರ ಬೀದಿಯಲ್ಲಿ ಡಿಗ್ರಿ ಅಂತ ಓದಿದ ಮೊದಲ ಹುಡುಗಿ ಇವಳೇ. ಹಿಂದಿನ ವರ್ಷ ಜಾಂಡೀಸ್ ಬಂದು ಮೂರು ವಾರ ಮಲಗಿದ್ದಳು. ಆಗ ತಪ್ಪಿಹೋದದ್ದೇ ಈ ಅರವತ್ತೆರಡು ಗಂಟೆ.

"ಕಾಯಿಲೆ ಬಂದಿತ್ತು. ಸರ್ಟಿಫಿಕೇಟ್ ಕೊಟ್ಟಿದೀನಿ."

"ಕಾಯಿಲೆಗೆ ಥಿಯರಿಯಲ್ಲಿ ರಿಯಾಯಿತಿ ಇದೆ, ಶೇಕಡ ಎಂಬತ್ತು ಹಾಜರಿ ಇದ್ದರೆ ಸಾಕು. ವಾರ್ಡ್ ಡ್ಯೂಟಿ, ಕಮ್ಯೂನಿಟಿ ಪೋಸ್ಟಿಂಗ್ ಮಾತ್ರ ಪೂರ್ತಿ ಆಗ್ಲೇಬೇಕು. ನಾಲ್ಕು ವರ್ಷ, ಇಪ್ಪತ್ತು ಹೆರಿಗೆ ಮಾಡಿಸಿ ಕೇಸ್ ಬುಕ್ಕಿಗೆ ಸಹಿ, ಥಿಯರಿ ಪ್ರಾಕ್ಟಿಕಲ್ ಎರಡರಲ್ಲೂ ಬೇರೆ ಬೇರೆ ಐವತ್ತು ಪರ್ಸೆಂಟು..." ಅವನು ಪುಸ್ತಕ ತೆರೆಯದೆ, ಮಗ್ಗಿ ಹೇಳುವ ಹಾಗೆ ಹೇಳುತ್ತಾ ಹೋದ.

"ಇಷ್ಟೆಲ್ಲ ಬಾಯಿಪಾಠ ಇದ್ದರೆ ನೀವೇ ನರ್ಸ್ ಆಗಬಹುದಿತ್ತು."

"ರಕ್ತ ನೋಡಿದ್ರೆ ತಲೆ ಸುತ್ತತ್ತೆ ಮೇಡಂ."

ಅವಳಿಗೆ ನಗು ಬಂತು. ಸಿಟ್ಟಿನ ಮಧ್ಯೆ ನಗು ಬಂತಲ್ಲ ಅಂತ ಇನ್ನಷ್ಟು ಸಿಟ್ಟೂ ಬಂತು. ಹೊರಟಳು.

"ಮೇಡಂ," ಅವನು ಕೌಂಟರಿನ ಕಿಂಡಿಯಿಂದ ಅರ್ಧ ಹೊರಗೆ ಬಂದಿದ್ದ. "ಮುಂದಿನ ಪುಟದಲ್ಲಿ ಇನ್ನೊಂದು ಕಲಂ ಇದೆ. ಕಾಯಿಲೆಯಿಂದ ತಪ್ಪಿದ ಗಂಟೆಗಳನ್ನ ಶನಿವಾರ, ಭಾನುವಾರ ಫೀಲ್ಡಲ್ಲಿ, ಹಳ್ಳಿ ಕಡೆ ಹೋಗಿ, ತುಂಬಿಕೊಡಬಹುದು. ವಾರಕ್ಕೊಮ್ಮೆ ಆಫೀಸಿನವರು ಹೋಗಿ ರಿಜಿಸ್ಟರ್ ನೋಡಿಬರಬೇಕು. ಯಾರೂ ಕೇಳಲ್ಲ, ಅದಕ್ಕೆ ಯಾರಿಗೂ ಗೊತ್ತಿಲ್ಲ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು?"

"ಮುಖ ನೋಡಿ ಹೇಳಿ ಅಂದ್ರಲ್ಲ," ಅಂದ ಅವನು. "ಆಮೇಲೆ ಜ್ಞಾಪಕ ಬರಲಿಲ್ಲ."

ಅವನ ಹೆಸರು ಅನಂತರಾಮು. ಎರಡನೇ ದರ್ಜೆ ಗುಮಾಸ್ತ. ಹನುಮಂತನಗರದಲ್ಲಿ ತಾಯಿಯ ಜೊತೆ ಇದ್ದ.

ಫೀಲ್ಡ್ ಅಂತ ಗೊತ್ತಾದದ್ದು ಪುಟ್ಟೇನಹಳ್ಳಿ. ಜೆ.ಪಿ. ನಗರದಲ್ಲಿ ಬಸ್ಸಿಳಿದು, ಸೈಟುಗಳ ಕಲ್ಲು ನೆಟ್ಟ ಬಯಲು ದಾಟಿ, ಕೆರೆ ಏರಿಯ ಕಡೆಗೆ ನಡೆಯಬೇಕು. ರಿಜಿಸ್ಟರ್ ನೋಡಿಬರೋಕೆ ಆಫೀಸಿನಲ್ಲಿ ಯಾರೂ ಒಪ್ಪಲಿಲ್ಲ. ಅನಂತರಾಮು ಸೈಕಲ್ ಹತ್ತಿದ.

ಊರಿನ ಸೊಣ್ಣಮ್ಮನ ಜಗಲಿಯೇ ವಾರಿಜಾಳ ಕ್ಲಿನಿಕ್ ಆಯಿತು. ಸೊಣ್ಣಮ್ಮನ ಹೊಲ ಲೇಔಟಿಗೆ ಹೋಗಿ ವರ್ಷವಾಗಿತ್ತು. ಬಿಡುವಾಗಿದ್ದ ಆಕೆ ಮನೆಮನೆಯಿಂದ ಬಸುರಿಯರನ್ನು ಕೈಹಿಡಿದು ಎಳೆದು ತರುತ್ತಿದ್ದಳು. ವಾರಿಜಾ ಮಕ್ಕಳ ತೂಕ ನೋಡುತ್ತಿದ್ದಳು, ಬಾಣಂತಿಯರಿಗೆ ನೀರು ಕುಡೀಬೇಡಿ ಅಂದ ಅಜ್ಜಿಯರ ಜೊತೆ ಜಗಳ ಆಡುತ್ತಿದ್ದಳು, ಗೆಲ್ಲುತ್ತಿದ್ದಳು. ಶನಿವಾರ ಮೂರು ಗಂಟೆಗೆ ಅನಂತರಾಮು ಬಂದು ಮೆಟ್ಟಿಲ ಮೇಲೆ ಕೂತು ರಿಜಿಸ್ಟರ್ ನೋಡುತ್ತಿದ್ದ. ಹತ್ತು ನಿಮಿಷದ ಕೆಲಸ. ಅದಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು.

"ಇಲ್ಲಿ ಒಂಬತ್ತು ಮಗು ಅಂತಿದೆ. ನಾನು ಎಣಿಸಿದ್ರೆ ಹತ್ತು."

"ಹತ್ತನೇದು ನೀವು. ಎದ್ದೇಳಿ, ತಕ್ಕಡಿಗೆ ದಾರಿ ಬಿಡಿ."

ಅವನು ಏಳುತ್ತಿದ್ದ. ಎದ್ದು ಅವಳ ಎದುರಿಗೇ ನಿಲ್ಲುತ್ತಿದ್ದ. ಅವಳು ತೂಕದ ಮುಳ್ಳು ನೋಡುತ್ತಿದ್ದಾಗ ಅವನು ಅವಳ ಹುಬ್ಬು ಗಂಟಿಕ್ಕುವುದನ್ನು ನೋಡುತ್ತಿದ್ದ. ಅವಳು ತಲೆ ಎತ್ತಿದರೆ ಅವನ ಕಣ್ಣು ಕೆರೆ ಕಡೆಗೆ ಓಡುತ್ತಿತ್ತು, ಅಲ್ಲಿ ಯಾವುದೋ ಕೊಕ್ಕರೆಯ ಹಾಜರಿ ತಗೋಬೇಕು ಅನ್ನೋ ಹಾಗೆ.

"ಈ ಸಾರ್‌ಗೆ ಮದುವೆ ಆಗಿದೆಯಾ?" ಸೊಣ್ಣಮ್ಮ ಒಂದು ದಿನ ಎಲ್ಲರೆದುರಿಗೆ ಕೇಳಿಬಿಟ್ಟಳು.

"ಇಲ್ಲಮ್ಮ," ಅಂದ ಅನಂತರಾಮು.

"ಹಂಗಾದ್ರೆ ಲೆಕ್ಕ ನಿಧಾನಕ್ಕೆ ಮಾಡಿ, ಅವಸರ ಏನಿಲ್ಲ."

ವಾರಿಜಾಳ ಕೈಯಲ್ಲಿದ್ದ ಮಗು ಅಳೋಕೆ ಶುರು ಮಾಡಿತು. ಒಳ್ಳೇದಾಯಿತು, ಮುಖ ಬಗ್ಗಿಸೋಕೆ ಒಂದು ನೆಪ ಸಿಕ್ಕಿತು.

ಕೊನೆಯ ಶನಿವಾರ ಒಂದು ಮಗುವಿಗೆ ಜ್ವರ ಏರಿ, ಎಲ್ಲ ಮುಗಿಯುವಷ್ಟರಲ್ಲಿ ಹೊತ್ತಾಯಿತು. ಬಸ್ಸು ತಪ್ಪುತ್ತಿತ್ತು. ಅವನು ಸೈಕಲ್ ತಿರುಗಿಸಿ ನಿಲ್ಲಿಸಿದ. ಅವಳು ಕ್ಯಾರಿಯರ್ ಮೇಲೆ ಕೂತಳು. ಬಸ್ ಸ್ಟಾಪಿನವರೆಗೆ ಹನ್ನೆರಡು ನಿಮಿಷ. ಇಬ್ಬರೂ ಮಾತಾಡಿದ್ದು ಒಂದೇ ಸಲ.

"ಭಾರ ಆಯ್ತಾ?"

"ಇಲ್ಲ. ಸ್ಟಾಪು ಇಷ್ಟು ಹತ್ತಿರ ಇದೆ ಅಂತ ಗೊತ್ತಿರಲಿಲ್ಲ."

ಅದನ್ನು ಯಾರೋ ನೋಡಿದರು. ಪರೀಕ್ಷೆಗೆ ಒಂದು ತಿಂಗಳಿದ್ದಾಗ ಪ್ರಿನ್ಸಿಪಾಲರಿಗೆ ಸಹಿಯಿಲ್ಲದ ಕಾಗದ ಬಂತು.

ಪ್ರಿನ್ಸಿಪಾಲ್ ಮೇಡಂ ಮದುವೆ ಮಾಡಿಕೊಂಡವರಲ್ಲ. ಮೂವತ್ತು ವರ್ಷದ ಸರ್ವೀಸು. ಇಸ್ತ್ರಿ ಕೆಡದ ಬಿಳಿ ಸೀರೆ.

"ನಿನ್ನನ್ನ ಸೈಕಲ್ ಮೇಲೆ ಕೂರಿಸಿಕೊಂಡು ಹೋದ ಗಂಡಸು ಯಾರು ಅಂತ ನಾನು ಕೇಳಲ್ಲ," ಅಂದರು. "ನನಗೆ ತಿಳಿದುಕೊಳ್ಳೋ ಆಸೆಯೂ ಇಲ್ಲ. ಡಿಗ್ರಿ ಕೈಗೆ ಬರೋವರೆಗೆ ಅವನನ್ನ ನೋಡಲ್ಲ, ಮದುವೆ ಆಗಲ್ಲ ಅಂತ ಬರೆದುಕೊಡು. ಟೈಪ್ ಮಾಡಿಸಿದೀನಿ. ಅವನ ಹೆಸರಿನ ಜಾಗ ಖಾಲಿ ಬಿಡಿಸಿದೀನಿ, ನೀನೇ ತುಂಬಿ ಸಹಿ ಹಾಕು."

ವಾರಿಜಾ ಕಾಗದ ಓದಿದಳು. ಮೂರನೇ ಸಾಲನ್ನು ಇನ್ನೊಮ್ಮೆ ಓದಿದಳು.

"ಮೇಡಂ, ಜಾಗ ಖಾಲಿ ಇಲ್ಲ."

"ಏನು?"

"ಹೆಸರಿದೆ. ಕೆ. ಅನಂತರಾಮು, ದ್ವಿತೀಯ ದರ್ಜೆ ಗುಮಾಸ್ತ."

ಪ್ರಿನ್ಸಿಪಾಲ್ ಕನ್ನಡಕ ಹಾಕಿಕೊಂಡು ಕಾಗದ ಕಿತ್ತುಕೊಂಡರು. ವಾರಿಜಾ ತೆರೆದ ಬಾಗಿಲ ಕಡೆ ನೋಡಿದಳು. ಹೊರಗೆ ಟೈಪ್‌ರೈಟರ್ ಮುಂದೆ ಅವನು ನೆಟ್ಟಗೆ ಕೂತಿದ್ದ. ಈ ಸಲ ಅವನ ಕಣ್ಣು ಎಲ್ಲಿಗೂ ಓಡಲಿಲ್ಲ.

ಅಷ್ಟು ದಿನ ಅವಳು ತನಗೆ ತಾನೇ ಕೇಳಿಕೊಳ್ಳದ ಪ್ರಶ್ನೆಯೊಂದಿತ್ತು. ಈಗ ಅದಕ್ಕೆ ಉತ್ತರ ಗೊತ್ತಾಗಿ, ಒಂದು ಥರದ ಧೈರ್ಯ ಮೈತುಂಬ ಹರಡಿತು.

"ನಾನು ಸಹಿ ಹಾಕಲ್ಲ ಮೇಡಂ."

"ಹಾಕದಿದ್ರೆ ಹಾಲ್ ಟಿಕೆಟ್ ಇಲ್ಲ."

"ಡಿಗ್ರಿಗೆ ಬೇಕಾದ ಗಂಟೆ ತುಂಬಿದೀನಿ. ಹೆರಿಗೆ ಇಪ್ಪತ್ತೆರಡು ಮಾಡಿಸಿದೀನಿ. ಇಂಟರ್ನಲ್ಸಲ್ಲಿ ಎಲ್ಲ ಪಾಸು. ಮದುವೆ ಆಗಬಾರದು, ಯಾರನ್ನೂ ಇಷ್ಟಪಡಬಾರದು ಅಂತ ರೆಗ್ಯುಲೇಷನ್ನಲ್ಲಿ ಎಲ್ಲಿದೆ ತೋರಿಸಿ."

"ಇಲ್ಲ," ಬಾಗಿಲಲ್ಲಿ ಅನಂತರಾಮು ನಿಂತಿದ್ದ. "ಎಲ್ಲೂ ಇಲ್ಲ ಮೇಡಂ. ನಾನು ಎರಡು ಸಲ ನೋಡಿದೆ."

"ನಡತೆ ತೃಪ್ತಿಕರ ಅಂತ ನಾನು ಬರೆದುಕೊಡಬೇಕು, ಅದು ಇದೆಯಲ್ಲ?" ಪ್ರಿನ್ಸಿಪಾಲರ ದನಿ ಏರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. "ಬರೆಯೋಳು ನಾನು. ನೀನು ಹೋಗು. ಮಿಸ್ಟರ್ ಅನಂತರಾಮು, ನಿಮ್ಮ ರಾಜೀನಾಮೆ ಸಂಜೆಯೊಳಗೆ ನನ್ನ ಟೇಬಲ್ ಮೇಲಿರಲಿ."

ಗೇಟಿನ ಹತ್ತಿರ ವಾರಿಜಾ ಅವನಿಗಾಗಿ ಕಾದಳು. ಬಂದ ಕೂಡಲೇ ಹರಿಹಾಯ್ದಳು.

"ನನ್ನ ಒಂದು ಮಾತು ಕೇಳದೆ ನಿಮ್ಮ ಹೆಸರು ಹೇಗೆ ಹಾಕಿದ್ರಿ?"

"ಇನ್ಯಾರ ಹೆಸರು ಹಾಕಲಿ? ಖಾಲಿ ಬಿಟ್ಟು ನಿಮ್ಮೊಬ್ಬರನ್ನೇ ಒಳಗೆ ಕಳಿಸಲಾ?" ಅವನು ಕಿವಿಯಿಂದ ಪೆನ್ನು ತೆಗೆದ. "ಹೆಸರು ತಪ್ಪಾಗಿದ್ರೆ ಹೇಳಿ ವಾರಿಜಾ. ಅಳಿಸ್ತೀನಿ. ನಾನೊಬ್ಬನೇ ಹುಚ್ಚ ಅಂತ ಮೇಡಂಗೆ ಹೇಳಿಬರ್ತೀನಿ."

ಮೊದಲ ಸಲ ಅವನ ಬಾಯಲ್ಲಿ ಮೇಡಂ ಇಲ್ಲದೆ ತನ್ನ ಹೆಸರು ಕೇಳಿದಳು. ಎದುರಿನ ಹೊಂಗೆ ಮರದ ಕೆಳಗೆ ಕಡಲೆಕಾಯಿ ಮಾರುತ್ತಿದ್ದವಳು ಇವರನ್ನೇ ನೋಡುತ್ತಿದ್ದಳು. ನೋಡಲಿ ಅನ್ನಿಸಿತು.

"ಅಳಿಸಬೇಡಿ," ಅಂದಳು. "ಸರಿಯಾಗೇ ಇದೆ."

ಮನೆಯಲ್ಲಿ ಸಂಜೀವಯ್ಯ ಎಲ್ಲ ಕೇಳಿಸಿಕೊಂಡ. ಗೋಡೆಯ ಮೇಲಿನ ಬುದ್ಧನ ಫೋಟೋ ಕೆಳಗೆ ಕೂತು, ಗ್ರೀಸು ಹತ್ತಿದ ಉಗುರನ್ನು ಕೆರೆದುಕೊಂಡ.

"ಹುಡುಗ ಒಳ್ಳೆಯವನೇ ಇರಬಹುದು. ಹನುಮಂತನಗರದ ಅವರ ಮನೇಲಿ ನಮ್ಮ ಜಾತಿಯವಳನ್ನ ಒಳಗೆ ಕರೀತಾರಾ ಮಗಳೇ?"

"ಗೊತ್ತಿಲ್ಲಪ್ಪ."

"ಅದು ಗೊತ್ತಿಲ್ಲದೆ ಡಿಗ್ರಿ ಪಣಕ್ಕಿಡ್ತೀಯಾ?"

"ಅವನಿಗೋಸ್ಕರ ಅಲ್ಲಪ್ಪ. ಅವನು ಇಲ್ಲದಿದ್ರೂ ಆ ಕಾಗದಕ್ಕೆ ಸಹಿ ಹಾಕ್ತಿರಲಿಲ್ಲ. ನಾನು ಕಲಿತಿದ್ದಕ್ಕೂ ಅದಕ್ಕೂ ಏನು ಸಂಬಂಧ?"

ಸಂಜೀವಯ್ಯ ಮಗಳನ್ನು ದಿಟ್ಟಿಸಿ ನೋಡಿದ. ಆಮೇಲೆ ಎದ್ದು ಹೋಗಿ ಕೈ ತೊಳೆದುಕೊಂಡ.

ಮರುದಿನ ವಾರಿಜಾ ಅರ್ಜಿ ಬರೆದಳು. ನನ್ನ ನಡತೆ ಸರಿಯಿಲ್ಲದಿದ್ದರೆ ಕಾರಣ ಸಮೇತ ಲಿಖಿತವಾಗಿ ಕೊಡಿ, ಅದನ್ನು ಯೂನಿವರ್ಸಿಟಿಗೆ ಒಪ್ಪಿಸುತ್ತೇನೆ ಅಂತ. ಡ್ಯೂಟಿ ಮುಗಿದ ಮೇಲೆ ಯೂನಿಫಾರಂನಲ್ಲೇ ಪ್ರಿನ್ಸಿಪಾಲರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಳು. ಎರಡನೇ ದಿನವೂ ಕೂತಳು. ಜೂನಿಯರ್ ಹುಡುಗಿಯರು ದಾಟಿಹೋಗುವಾಗ ಮೊದಮೊದಲು ಮುಖ ತಿರುಗಿಸುತ್ತಿದ್ದರು. ಮೂರನೇ ದಿನ ಇಬ್ಬರು ಬಂದು ಪಕ್ಕದಲ್ಲಿ ಕೂತರು. ಅವತ್ತೇ ಮಧ್ಯಾಹ್ನ ಸಂಜೀವಯ್ಯ ಡಿಪೋದ ಖಾಕಿಯಲ್ಲೇ ಬಂದ.

ಪ್ರಿನ್ಸಿಪಾಲ್ ಅಪ್ಪ ಮಗಳಿಬ್ಬರನ್ನೂ ಒಳಗೆ ಕರೆದರು.

"ನೀವು ತಂದೆ. ಬುದ್ಧಿ ಹೇಳೋದು ಬಿಟ್ಟು..."

"ಹೇಳಿದೀನಿ ಮೇಡಂ," ಅಂದ ಸಂಜೀವಯ್ಯ. "ಒಪ್ಪಿಗೆ ಇಲ್ಲದ ಕಾಗದಕ್ಕೆ ಸಹಿ ಹಾಕಬೇಡ ಅಂತ ಹೇಳಿದೀನಿ. ಕಾರಣ ಬರೆದುಕೊಡಿ, ನಾವು ಹೋಗ್ತೀವಿ."

ಪ್ರಿನ್ಸಿಪಾಲ್ ಪೆನ್ನು ತೆಗೆದರು. ಕಾಗದದ ಮೇಲೆ ಇಟ್ಟರು. ಏನಂತ ಬರೆಯುವುದು? ಜ್ವರದ ಮಗುವಿಗಾಗಿ ಹೊತ್ತು ಮೀರಿ ಕೂತವಳು, ಸೈಕಲ್ ಹತ್ತಿ ಬಸ್ ಸ್ಟಾಪಿಗೆ ಹೋದಳು ಅಂತಲೇ?

"ನಿನ್ನ ವಯಸ್ಸಲ್ಲಿ ನನ್ನ ಮುಂದೆಯೂ ಇಂಥದ್ದೇ ಕಾಗದ ಇಟ್ಟಿದ್ದರು," ಅಂದರು ಕೊನೆಗೆ, ಯಾರ ಮುಖವನ್ನೂ ನೋಡದೆ. "ನಾನು ಸಹಿ ಹಾಕಿದೆ."

ಪ್ರಿನ್ಸಿಪಾಲ್ ಡ್ರಾಯರಿನಿಂದ ಇನ್ನೊಂದು ಫಾರಂ ತೆಗೆದು, ನಡತೆ ತೃಪ್ತಿಕರ ಅಂತ ಬರೆದು, ಒತ್ತಿ ಸಹಿ ಹಾಕಿ ತಳ್ಳಿದರು.

"ಅವನನ್ನ ಮಾತ್ರ ವಾಪಸ್ ತಗೊಳ್ಳಲ್ಲ."

"ಅವರೂ ಬರಲ್ಲ ಮೇಡಂ," ಅಂದಳು ವಾರಿಜಾ.

ಅನಂತರಾಮು ಜಯನಗರ ನಾಲ್ಕನೇ ಬ್ಲಾಕಿನ ಒಂದು ಜಾಬ್ ಟೈಪಿಂಗ್ ಅಂಗಡಿಗೆ ಸೇರಿದ. ವಾರಿಜಾ ಪರೀಕ್ಷೆ ಬರೆದಳು, ಫಸ್ಟ್ ಕ್ಲಾಸಲ್ಲಿ ಪಾಸಾದಳು, ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆದಳು. ಮರುವರ್ಷ ಶ್ರಾವಣದಲ್ಲಿ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ. ಸಂಜೀವಯ್ಯ ಸಹಿ ಹಾಕಿದ, ಸೊಣ್ಣಮ್ಮ ಹೆಬ್ಬೆಟ್ಟು ಒತ್ತಿದಳು, ಟೈಪಿಂಗ್ ಅಂಗಡಿಯ ಯಜಮಾನರು ಮೂರನೇ ಸಾಕ್ಷಿ. ಅನಂತರಾಮುವಿನ ತಾಯಿ ಮಂಗಮ್ಮ ಬರಲಿಲ್ಲ.

"ಮದುವೆ ಆಯ್ತು ಅಂತ ಅಮ್ಮನಿಗೆ ಹೇಳಿಬರೋಣ," ಅಂದ ಅನಂತರಾಮು.

"ಹೇಳೋಣ. ಆದ್ರೆ ನಾನು ಅಪ್ಪಣೆ ಕೇಳಲ್ಲ."

"ನಾನೂ ಕೇಳಲ್ಲ."

ಹನುಮಂತನಗರದ ಏರುಬೀದಿಯಲ್ಲಿ ಹಾರ ಹಾಕಿಕೊಂಡೇ ನಡೆದರು. ಕಾಂಪೌಂಡುಗಳ ಮೇಲೆ ತಲೆಗಳು ಎದ್ದವು. ಮಂಗಮ್ಮ ಬಾಗಿಲ ಚೌಕಟ್ಟು ತುಂಬ ನಿಂತಿದ್ದರು.

"ಅನಂತು, ನೀನು ಒಳಗೆ ಬಾ."

"ಇಬ್ಬರೂ ಬರ್ತೀವಮ್ಮ. ಇಲ್ಲಾಂದ್ರೆ ಇಬ್ಬರೂ ಹೋಗ್ತೀವಿ."

ಮಂಗಮ್ಮನ ಬಾಯಿ ಬಿಗಿಯಿತು. ಪಕ್ಕದ ಮನೆಯ ರೇಡಿಯೋ ಯಾರೋ ನಿಲ್ಲಿಸಿದರು. ಅನಂತರಾಮು ವಾರಿಜಾಳ ಕೈ ಹಿಡಿದು ತಿರುಗಿದ. ಗೇಟಿನವರೆಗೆ ಹೋಗಿದ್ದರು.

"ಊಟ ಆಯ್ತಾ ನಿಮ್ಮಿಬ್ಬರದ್ದೂ?" ಹಿಂದಿನಿಂದ ಬಂದ ದನಿ ಇನ್ನೂ ಸಿಟ್ಟಿನದ್ದೇ.

ವಾರಿಜಾ ತಿರುಗಿದಳು.

"ಇಲ್ಲ. ಆದ್ರೆ ನಾನು ಜಗಲಿ ಮೇಲೆ ಕೂತು ಊಟ ಮಾಡಲ್ಲ."

ಮಂಗಮ್ಮ ಸೊಸೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ವಾರಿಜಾ ಕಣ್ಣು ಕೆಳಗಿಳಿಸಲಿಲ್ಲ.

"ಜಗಲಿ ಮೇಲೆ ಯಾರು ಬಡಿಸ್ತಾರೆ ಈ ಬಿಸಿಲಲ್ಲಿ," ಅಂತ ಗೊಣಗಿ ಮಂಗಮ್ಮ ಪಕ್ಕಕ್ಕೆ ಸರಿದರು. ಪೂರ್ತಿ ಅಲ್ಲ. ಒಬ್ಬರು ನುಸುಳುವಷ್ಟು.

ವಾರಿಜಾ ಮೊದಲು ಒಳಗೆ ಹೋದಳು. ಬಲಗಾಲಿಟ್ಟಳೋ ಎಡಗಾಲಿಟ್ಟಳೋ, ನೋಡಿಕೊಳ್ಳಲಿಲ್ಲ.