ಜಾತಕದ ಗಂಟಿನಲ್ಲಿದ್ದ ಕಾರ್ಡು

ಮೂರನೇ ಭೇಟಿಯಲ್ಲೂ ಮುರುಗೇಶ್ ತನ್ನ ಮೊಬೈಲನ್ನು ಹೋಟೆಲ್ ಕೌಂಟರಿನಲ್ಲೇ ಬಿಟ್ಟು ಬಂದ. ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಎಳೆದು ಕೂತ.

ದಾಕ್ಷಾಯಿಣಿಗೆ ಅರ್ಥವಾಗಲಿಲ್ಲ. ನೋಟದಲ್ಲಿ ಅಷ್ಟು ಅಕ್ಕರೆ, ಕೂರುವುದು ಮಾತ್ರ ಅಷ್ಟು ದೂರ. ಮದುವೆಯ ಮಾತು ನಡೆದಿರುವ ಈ ಗಂಡಿಗೆ ತಾನು ಇಷ್ಟವೋ, ಇಲ್ಲವೋ?

ಆದರೆ ಶ್ರೀರಾಂಪುರದಿಂದ ಬಸ್ ಹತ್ತಿ ಇವತ್ತು ಅವಳು ಹೊಸದುರ್ಗಕ್ಕೆ ಬಂದದ್ದು ಬೇರೆ ಕೆಲಸಕ್ಕೆ. ಎಂಟು ವರ್ಷದ ಹಿಂದೆ ಗಡ್ಡೆಯಾಗಿ ಅವಳ ಎಡ ಸ್ತನ ತೆಗೆದು, ಆ ಜಾಗದಲ್ಲಿ ಇಂಪ್ಲಾಂಟ್ ಇಟ್ಟಿದ್ದರು. ಈಚೆಗೆ ಅಲ್ಲಿ ಬಾವು. ಚಿತ್ರದುರ್ಗದ ಡಾಕ್ಟರಮ್ಮ ಪರೀಕ್ಷಿಸಿ ಹೇಳಿದ್ದರು:

“ಇದು ಜೀವನಪೂರ್ತಿ ಇರೋ ವಸ್ತು ಅಲ್ಲಮ್ಮ. ಇಷ್ಟು ವರ್ಷದ ಮೇಲೆ ಬಾವು ಬಂದರೆ ಸ್ಕ್ಯಾನ್ ಮಾಡಬೇಕು, ನೀರು ತುಂಬಿದ್ದರೆ ಟೆಸ್ಟಿಗೆ ಕಳಿಸಬೇಕು. ಬಹಳ ಸಲ ಏನೂ ಇರಲ್ಲ. ಅಪರೂಪಕ್ಕೆ ಕ್ಯಾನ್ಸರ್ ಇರಬಹುದು. ಆಪರೇಷನ್ ಆದಾಗ ಕೊಟ್ಟಿರೋ ಇಂಪ್ಲಾಂಟ್ ಕಾರ್ಡ್ ತಗೊಂಡು ಸೋಮವಾರ ಬಾ. ಯಾವ ಕಂಪನಿ, ಯಾವ ಥರದ್ದು ಅಂತ ನೋಡಬೇಕು.”

ಕಾರ್ಡು ಬೀರುವಿನಲ್ಲಿ ಇರಲಿಲ್ಲ. ಬೆಳಿಗ್ಗೆ ಅವ್ವ ಬಸಮ್ಮ ತಲೆ ತಗ್ಗಿಸಿ ಒಪ್ಪಿಕೊಂಡಳು. “ಯಾರ ಕಣ್ಣಿಗೂ ಬೀಳಬಾರದು ಅಂತ ನಿನ್ನ ಜಾತಕದ ಗಂಟಿನಾಗೆ ಇಟ್ಟಿದ್ದೆ ಕಣೇ. ಮರೆತು ಗಂಡಿನ ಮನೆಗೆ ಕಳಿಸಿಬಿಟ್ಟೀನಿ.”

“ನನ್ನ ಜಾತಕ ವಾಪಸ್ ಬೇಕಿತ್ತು,” ಎಂದಳು ದಾಕ್ಷಾಯಿಣಿ, ಕಾರ್ಡಿನ ಹೆಸರೆತ್ತಲಾರದೆ ಕಾಫಿ ಲೋಟ ನೋಡುತ್ತ.

ಮುರುಗೇಶನ ಮುಖ ಇಳಿದುಹೋಯಿತು. ಜಾತಕ ವಾಪಸ್ ಕೇಳಿದರೆಂದರೆ ಸಂಬಂಧ ಬೇಡವೆಂದೇ ಅರ್ಥ.

“ನಾನೇನು ತಪ್ಪು ಮಾಡ್ದೆ? ನಿಮ್ ಹಾರ್ಟಿನ ವಿಷಯ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲರೀ.”

“ಯಾವ ಹಾರ್ಟು?”

ಅವನು ಪರ್ಸಿನಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. “ಮನೆಯವರು ನೋಡೋ ಮುಂಚೆ ಎತ್ತಿಟ್ಕಂಡೆ. ಎಡಗಡೆ, ಇಂಪ್ಲಾಂಟ್, ಸೀರಿಯಲ್ ನಂಬರ್. ನಾನು ಪಂಪ್ ರಿಪೇರಿಯವನು, ಪಂಪಿಗೂ ಇಂಥದ್ದೇ ಕಾರ್ಡ್ ಕೊಡ್ತಾರೆ. ಎದೆಯಾಗೆ ಹಾರ್ಟ್ ನಡೆಸೋ ಬ್ಯಾಟರಿ ಇಟ್ಟಾರೆ ಅಂದ್ಕಂಡೆ. ಮೊಬೈಲ್ ಹತ್ರ ತರಬಾರದಂತಲ್ಲ? ಏನಾದ್ರೂ ಆದೀತು ಅಂತ ನಾನೂ ದೂರಾನೇ ಕುಂತೆ.”

ಅವಳಿಗೆ ನಗು ಬಂತು. ನಗುತ್ತಿರುವಾಗಲೇ ಕಣ್ಣು ತುಂಬಿತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

“ಹಾರ್ಟು ಚೆನ್ನಾಗೈತೆ,” ಎಂದು ಶುರುಮಾಡಿ ಎಲ್ಲ ಹೇಳಿದಳು.

ಮುರುಗೇಶನ ಕಿವಿಗಳು ಕೆಂಪಾದವು. ಕಾರ್ಡನ್ನು ಅವಳತ್ತ ಸರಿಸಿ ಕೇಳಿದ.

“ಬಾವು ಎಷ್ಟು ದಿನದಿಂದ?”

“ತಿಂಗಳಾತು.”

“ತಿಂಗಳು! ಅಷ್ಟು ದಿನ ಸುಮ್ನಿದ್ರಾ?” ಅವನ ಸಿಟ್ಟನ್ನು ಅವಳು ನೋಡಿದ್ದು ಇದೇ ಮೊದಲು.

“ಮದುವೆ ಮುಗೀಲಿ, ಆಮೇಲೆ ಟೆಸ್ಟ್ ಮಾಡ್ಸಾಣ ಅಂತಾಳೆ ಅವ್ವ. ನನಗೂ ತಲೆ ಓಡ್ತಿಲ್ಲ. ಏನಾದ್ರೂ ಬಂದ್ರೆ? ತೆಗೆದೇ ಹಾಕಬೇಕು ಅಂದ್ರೆ? ಆಮೇಲೆ ಆ ಕಡೆ ಏನೂ ಇರಲ್ಲರೀ.”

“ನನಗೂ ಏನ್ ಹೇಳಬೇಕೋ ತಿಳೀತಿಲ್ಲ. ಪಂಪ್ ಆಗಿದ್ರೆ ಬಿಚ್ಚಿ ನೋಡ್ತಿದ್ದೆ.”

“ಥೂ! ಏನು ಮಾತಾಡ್ತೀರಿ!”

“ಅಯ್ಯೋ, ಹಂಗಲ್ಲ ನಾನು ಹೇಳಿದ್ದು!” ಅವನು ಲೋಟವನ್ನೇ ಉರುಳಿಸಿದ. ಮೇಜಿನ ಮೇಲೆಲ್ಲ ಕಾಫಿ. ಕರ್ಚೀಫಿನಿಂದ ಒರೆಸುತ್ತ, ಮುಖ ಎತ್ತದೆ, ಮೆಲ್ಲಗೆ ಹೇಳಿದ: “ನೀವು ಬೇಕು ಅನ್ನೋದೊಂದು ಗೊತ್ತೈತೆ. ಉಳಿದದ್ದು ಡಾಕ್ಟರ್ ಹೇಳಲಿ. ಸೋಮವಾರ ನಾನೂ ಬರ್ಲಾ?”

“ಒಳಗೆ ಬಿಡಲ್ಲ.”

“ಹೊರಗೆ ಕುಂತಿರ್ತೀನಿ.”

ಟೆಸ್ಟಿನಲ್ಲಿ ಏನು ಬರುವುದೋ, ಅವಳ ಗೊಂದಲ ಅಲ್ಲೇ ಇತ್ತು. ಆದರೂ ಅವಳು ಮನೆಗೆ ಫೋನ್ ಹಚ್ಚಿದಳು.

“ಅವ್ವಾ, ಸೋಮವಾರ ಚಿತ್ರದುರ್ಗಕ್ಕೆ ಹೋಗ್ತೀನಿ. ಮದುವೆಗೆ ಮುಂಚೇನೇ.”

“ಗಂಡಿನ ಕಡೆಯೋರಿಗೆ ಗೊತ್ತಾದ್ರೆ ಏನೇ ಗತಿ?”

ದಾಕ್ಷಾಯಿಣಿ ಅವನತ್ತ ನೋಡಿದಳು.

“ಅವರೇ ಕರ್ಕಂಡು ಹೋಗ್ತಾರಂತೆ.”