ಮೀನಾಳ ಪರದೆ ಕಪ್ಪಾದ ದಿನ

ಬೈಲಹೊಂಗಲದ ಪೇಟೆಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಶ್ರೀಶೈಲ ಬಂದ ಎಂದರೆ ಸಾಕು, ಸತ್ತ ಕಂಪ್ಯೂಟರು ತಾನೇ ಎದ್ದು ಕೂತು ನಮಸ್ಕಾರ ಮಾಡುತ್ತದೆ ಎನ್ನುತ್ತಾರೆ. ಅವರು ಹೇಳದಿದ್ದರೆ ನಾನೇ ಹೇಳುತ್ತೇನೆ. ಅಂಥ ನಾನು ಆ ಮಧ್ಯಾಹ್ನ ಸವದತ್ತಿಯ ಮೀನಾಳ ಸ್ಟುಡಿಯೋದಲ್ಲಿ ನೆಲಕ್ಕೆ ಮಂಡಿಯೂರಿ, ಒಂದು ಕಪ್ಪು ಪರದೆಯ ಮುಂದೆ ಕೆರೆ ತುಂಬುವಷ್ಟು ಬೆವರು ಸುರಿಸುತ್ತಿದ್ದೆ.

"ಹತ್ತ ನಿಮಿಷ ಅಂದಿದ್ರಿ," ಎಂದಳು ಮೀನಾ.

"ಹತ್ತ ನಿಮಿಷನರಿ. ಯಾವ ಹತ್ತು ಅಂತ ಎಲ್ಲಿ ಹೇಳೀನಿ?"

ಅವಳು ನಗಲಿಲ್ಲ. ಬೇರೆ ದಿನವಾಗಿದ್ದರೆ ಕೆಳತುಟಿಯ ಒಂದು ಮೂಲೆಯನ್ನು ಕಚ್ಚಿ, ಜೋಕು ಹೇಳಿದ್ದು ನಾನಲ್ಲ ಮಾನಿಟರು ಎಂಬಂತೆ ಅದರತ್ತ ನೋಡಿ ನಗುತ್ತಿದ್ದಳು. ಎರಡು ವರ್ಷದಿಂದ ನಾನು ಊಟ ಬಿಟ್ಟು ಆ ನಗೆಯ ಮೇಲೆ ಬದುಕಿದ್ದೇನೆ. ಇಂದು ಅವಳ ತುಟಿ ಒಣಗಿತ್ತು.

ಕಾರಣವಿತ್ತು. ಇಷ್ಟು ದಿನ ಬೇರೆ ಸ್ಟುಡಿಯೋಗಳು ತೆಗೆದ ಮದುವೆ ವಿಡಿಯೋಗಳನ್ನು ಎಡಿಟ್ ಮಾಡಿ ಕೊಡುತ್ತಿದ್ದವಳು, ಮೊದಲ ಸಲ ತನ್ನದೇ ಹೆಸರಿನಲ್ಲಿ ಕಿತ್ತೂರಿನ ಒಂದು ಮದುವೆ ಹಿಡಿದಿದ್ದಳು. ಸಂಜೆ ಆರತಕ್ಷತೆಯಲ್ಲಿ ದೊಡ್ಡ ಎಲ್‌ಇಡಿ ಪರದೆಯ ಮೇಲೆ ಆ ಫಿಲ್ಮು ಓಡಬೇಕು. ಎಡಿಟಿಂಗ್ ಮುಗಿದಿತ್ತು, ತುಂಡುಗಳನ್ನೆಲ್ಲ ಕಂಪ್ಯೂಟರು ಒಂದೇ ಫಿಲ್ಮಾಗಿ ಹೆಣೆಯುವ ರೆಂಡರ್ ಒಂದೇ ಬಾಕಿ. ಅದು ಬೇಗ ಮುಗಿಯಲೆಂದು ಹಿಂದಿನ ದಿನ ಹಳೆಯ ಗ್ರಾಫಿಕ್ಸ್ ಕಾರ್ಡು ಬಿಚ್ಚಿ ಒಯ್ದು, ಇಂದು ಹೊಸದು ತಂದು ಕೂಡಿಸಿದವನು ನಾನೇ. ಅವಳ ಅಪ್ಪ ಸಂಗಪ್ಪನವರು ಮೊದಲೇ ಹೇಳಿಬಿಟ್ಟಿದ್ದರು: "ಈ ಸರ್ತಿ ನಿನ್ನ ಹೆಸರು ಆಗಲಿಲ್ಲ ಅಂದ್ರ, ಅಂಗಡಿ ಗೊಬ್ಬರದ ಡೀಲರಗೆ, ನೀ ರಾಮದುರ್ಗದ ಅತ್ತಿ ಮನಿಗೆ." ರಾಮದುರ್ಗದಲ್ಲಿ ಅತ್ತೆಯ ಮಗನೊಬ್ಬ ತಲೆ ಬಾಚಿಕೊಂಡು ವರ್ಷಗಳಿಂದ ಕಾಯುತ್ತಿದ್ದ. ಆದ್ದರಿಂದ ಆ ಪರದೆ ಕಪ್ಪಾಗಿಯೇ ಉಳಿದರೆ ಮುಳುಗುವವಳು ಅವಳೊಬ್ಬಳೇ ಅಲ್ಲ.

"ಹಳೇ ಗ್ರಾಫಿಕ್ಸ್ ಕಾರ್ಡನ್ನ ವಾಪಸ್ ಹಾಕ್ರಲ್ಲ."

"ಅದನ್ನ ಕೊಟ್ಟ ಹೊಸಾದು ತಂದೇನ್ರಿ."

"ಕಾರ್ಡ್ ಇಲ್ಲದ ನಡ್ಯಾಂಗಿಲ್ಲೇನು?"

"ಈ ಕಂಪ್ಯೂಟರಿಗೆ ಅದನ ಕಣ್ಣು. ಇಲ್ಲಂದ್ರ ಕುರುಡು."

"ಡಿಸ್ಕ್ ಬಿಚ್ಚಿ ಬೇರೆ ಕಡೆ ರೆಂಡರಿಗೆ ಹಾಕಿದ್ರ?"

"ಈ ಊರಾಗಿನ ಮಷೀನಿನ ಮ್ಯಾಲೆ ನಾಳೆ ಮುಂಜಾನಿಗೆ ಮುಗೀತೈತಿ."

ಸುಮ್ಮನೆ ಕೂತಿದ್ದೆ ಎಂದುಕೊಳ್ಳಬೇಡಿ. ಕೇಬಲ್ಲು ತಪ್ಪು ಕಿಂಡಿಗೆ ಹೋಗಿದೆಯೇ ನೋಡಿದೆ. ಇಲ್ಲ, ಕಾರ್ಡಿಗೇ ಚುಚ್ಚಿತ್ತು. ಪವರ್ ವೈರನ್ನು ಕಟ್ ಎಂದು ಸದ್ದಾಗುವಂತೆ ಒತ್ತಿದೆ. ಪಕ್ಕದ ಝೆರಾಕ್ಸ್ ಅಂಗಡಿಯ ಮಾನಿಟರ್ ಹೊತ್ತು ತಂದು ಹಚ್ಚಿದೆ. ರ‍್ಯಾಮ್ ಕಿತ್ತು ತಿಕ್ಕಿ ಹಾಕಿದೆ. ಬೋರ್ಡಿನ ಬಿಲ್ಲೆಯಂಥ ಬ್ಯಾಟರಿ ತೆಗೆದು, ಉಸಿರು ಬಿಗಿಹಿಡಿದು ಕಾದು, ಮತ್ತೆ ಕೂಡಿಸಿದೆ. ಫ್ಯಾನುಗಳು ವಿಮಾನ ಹಾರಿಸುವಂತೆ ತಿರುಗುತ್ತಿದ್ದವು. ಪರದೆ ಮಾತ್ರ ಅಮಾವಾಸ್ಯೆ.

ಮೀನಾಳ ಫೋನು ಹೊಡೆದುಕೊಂಡಿತು. ಕಿತ್ತೂರಿನಿಂದ ಮದುಮಗಳ ತಾಯಿ ಕೃಷ್ಣವ್ವ.

"ಮೀನಾ, ಎಲ್ಲಿ ಬಂದಿ? ಪರದಿ ಕಟ್ಟಾಕ ಹತ್ಯಾರವಾ! ನಮ್ಮ ಮನಿ ಗ್ವಾಡಿಗಿಂತ ದೊಡ್ಡದೈತಿ!"

"ಹೊಂಟೇನ್ರಿ ಅಮ್ಮಾರ."

"ಹೊಂಟೀ? ಬಸ್ಸಿನ ಸಪ್ಪಳ ಕೇಳವಲ್ದಲ್ಲ? ಬೀಗರ ಮುಂದ ನಮ್ಮ ಮಾನ ನಿನ್ನ ಕೈಯಾಗೈತಿ ನೋಡು."

ಫೋನಿಟ್ಟು ಅವಳು ಗೋಡೆಯ ಗಡಿಯಾರಕ್ಕೆ ಬೆನ್ನು ಹಾಕಿ ಕೂತಳು. ಅದನ್ನು ನೋಡಲಾರದೆ ನಾನು ಮತ್ತೆ ಬಡಾಯಿಗೆ ಇಳಿದೆ. "ಚಿಂತಿ ಬ್ಯಾಡ್ರಿ. ಇದಕ್ಕಿಂತ ದೊಡ್ಡ ದೊಡ್ಡ ಹೆಣಾ ಎಬ್ಬಿಸೀನಿ..."

"ಸುಳ್ಳ ಹೇಳಬ್ಯಾಡ ಶ್ರೀಶೈಲ!" ಅವಳ ಧ್ವನಿ ಒಡೆಯಿತು. "ಬರತೈತೋ ಇಲ್ಲೋ, ಅಷ್ಟ ಹೇಳು."

ನನಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ನನಗೆ ಏನೂ ಗೊತ್ತಿರಲಿಲ್ಲ.

"ಕಾರ್ಡ್ ಹೊರಗ ತಗದ ನೋಡೀಯೇನು?"

"ಅದನ್ನ ಕೂಡಿಸಿದವ ನಾನ..."

"ತಗೀ."

ಕರೆಂಟು ಬಂದ್ ಮಾಡಿ ಕಾರ್ಡನ್ನು ಎಳೆದೆ. ಅದರ ಅಂಚಿನಲ್ಲಿ, ಬೋರ್ಡಿನೊಳಗೆ ಕೂರುವ ಸಾಲು ಚಿನ್ನದ ಹಲ್ಲುಗಳಿರುತ್ತವಲ್ಲ, ಅವುಗಳ ಮೇಲೆ ದಪ್ಪಗೆ ಹಳದಿ ಗಂಧದಂಥದ್ದು ಒಣಗಿ ಅಂಟಿತ್ತು. ಅದೇನೆಂದು ನೋಡಿದ ಕೂಡಲೇ ನನಗೆ ಗೊತ್ತಾಯಿತು.

"ಇದೇನಿದು ಹಳದಿ?"

ಕಂಪನಿಯವರೇ ಹಚ್ಚಿ ಕಳಿಸಿದ ಪ್ಯಾಕಿಂಗ್ ಎಣ್ಣೆ ಎಂಬ ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅದಕ್ಕಿಂತ ನೂರು ಪಟ್ಟು ದೊಡ್ಡ ಸುಳ್ಳುಗಳನ್ನು ನಾನು ಮುಂಜಾನೆಯ ಚಹಾಕ್ಕಿಂತ ಮೊದಲೇ ಹೇಳಿ ಮುಗಿಸಿರುತ್ತೇನೆ. ಆದರೆ ಅವಳ ರೆಪ್ಪೆಯ ಅಂಚಿಗೆ ಒಂದು ಹನಿ ಬಂದು ನಿಂತಿತ್ತು, ಬೀಳಲೋ ಬೇಡವೋ ಎಂದು ನನ್ನ ಮಾತಿಗೇ ಕಾದಂತೆ.

"ಭಂಡಾರ," ಎಂದೆ.

"ಏನು?"

"ಎಲ್ಲವ್ವನ ಗುಡಿ ಅರಿಷಿಣರಿ. ಮುಂಜಾನೆ ಬರೂಮುಂದ ಉಗರಗೋಳಕ್ಕ ಹೋಗಿ ಗುಡ್ಡಾ ಹತ್ತಿ ಬಂದೇನಿ. ಕಾರ್ಡನ್ನ ಅವ್ವನ ಮುಂದ ಹಿಡದಿದ್ದೆ. ಪೂಜಾರಿ ತೆಂಗಿನ ನೀರಿನ ಕೈಲೆ ಭಂಡಾರ ಹಚ್ಚಿ ಕೊಟ್ಟ್ರು. ಮ್ಯಾಲಿಂದು ಒರಸಿದ್ದೆ. ಹಲ್ಲಿನ ಕಡೆ ನೋಡಲಿಲ್ಲ."

"ಕಾರ್ಡಿಗೆ ಪೂಜಿ ಮಾಡಸಾಕ ಗುಡ್ಡಾ ಹತ್ತಿದ್ರೇನು?"

"ಕಾರ್ಡ್ ಬರೇ ನೆಪರಿ."

"ಮತ್ತ ಏನ ಬೇಡಕೊಂಡ್ರಿ?"

ಇಷ್ಟು ಚಿಕ್ಕ ಮಾತನ್ನು ನಾನು ಜೀವನದಲ್ಲಿ ಆಡಿಯೇ ಇರಲಿಲ್ಲ.

"ನಿಮ್ಮನ್ನ."

ಹೊರಗೆ ಬಾಗಿಲ ಬಳಿ ಕೂತಿದ್ದ ಸಂಗಪ್ಪನವರ ಕುರ್ಚಿ ಒಮ್ಮೆ ಕಿರುಗುಟ್ಟಿತು. ಹೋಗು ಎನ್ನುತ್ತಾಳೆ, ಇನ್ನು ಈ ಮೆಟ್ಟಿಲು ಹತ್ತಬೇಡ ಎನ್ನುತ್ತಾಳೆ ಎಂದು ನಾನು ತಲೆ ತಗ್ಗಿಸಿ ಕಾದೆ.

"ಕಣ್ಣ ಮುಚ್ಚಿ ಬೇಡಕೊಂಡ್ರೇನು?"

"ಹೂಂನ್ರಿ."

"ಅದಕ್ಕ ಹಿಂಗಾಗೈತಿ."

ಅವಳು ಎದ್ದು ಡ್ರಾಯರಿನಿಂದ ಪೆನ್ಸಿಲ್ ಅಳಿಸುವ ರಬ್ಬರು, ಲೆನ್ಸ್ ಒರೆಸುವ ಬಟ್ಟೆ, ಧೂಳಿಗೆ ಗಾಳಿ ಊದುವ ಚಿಕ್ಕ ಪಂಪು ತಂದಳು. ಪಕ್ಕದಲ್ಲೇ ನೆಲಕ್ಕೆ ಕೂತಳು. ನಾನು ಹಲ್ಲುಗಳನ್ನು ತಿಕ್ಕಿದೆ, ಅವಳು ಸ್ಲಾಟಿನೊಳಗೆ ಗಾಳಿ ಊದಿದಳು. ಪಂಪು ಒತ್ತಿದಾಗಲೆಲ್ಲ ಹಳದಿ ಪುಡಿ ಮೇಲೆದ್ದು ಅವಳ ಹುಬ್ಬಿನ ಮೇಲೆ ಕೂರುತ್ತಿತ್ತು. ಒರೆಸಿಬಿಡಲೇ ಎಂದು ನನ್ನ ಬೆರಳು ತುಡಿಯಿತು.

"ನನ್ನ ಮಾರಿ ಏನ ನೋಡ್ತೀರಿ? ಕೆಲಸ ನೋಡ್ರಿ."

"ನೋಡಾಕ ಹತ್ತೇನ್ರಿ."

ಈ ಸಲ ಎರಡೂ ಕಣ್ಣು ಬಿಟ್ಟು ಕಾರ್ಡು ಕೂಡಿಸಿದೆ. ಸ್ವಿಚ್ ಒತ್ತಿದ್ದು ಅವಳು. ಫ್ಯಾನು ತಿರುಗಿತು. ಕಪ್ಪು. ಇನ್ನೂ ಕಪ್ಪು. ಆ ಹೊತ್ತಿನಲ್ಲಿ ನನಗೆ ನೆರೆಗೂದಲು ಬಂದು, ಮುಪ್ಪಾಗಿ, ಸತ್ತು ಮತ್ತೆ ಹುಟ್ಟುವಷ್ಟು ಕಾಲ ಹೋಯಿತು. ಪರದೆ ನೋಡುವ ಧೈರ್ಯ ನನಗಿರಲಿಲ್ಲ. ನಾನು ಅವಳನ್ನೇ ನೋಡುತ್ತಿದ್ದೆ. ಮೊದಲು ಅವಳ ಗಲ್ಲದ ಮೇಲೆ ನೀಲಿ ಬೆಳಕು ಬಿತ್ತು, ಆಮೇಲೆ ಕಣ್ಣಿಗೆ.

"ಬಂತು," ಎಂದಳು, ಪಿಸುಮಾತಿನಲ್ಲಿ. ರೆಪ್ಪೆಯ ಹನಿ ಆಗ ಜಾರಿತು.

ರೆಂಡರ್ ಓಡತೊಡಗಿತು. ಇನ್ನು ಕಾಯುವುದಷ್ಟೇ ಕೆಲಸ. ಗುಡ್ಡದ ಮಾತಿಗೆ ಅವಳು ಉತ್ತರ ಕೊಟ್ಟಿರಲಿಲ್ಲ. ಕೆಲಸ ಎಷ್ಟಾಯಿತೆಂದು ಪರದೆಯಲ್ಲಿ ತೋರಿಸುವ ಪಟ್ಟಿ ಹಸಿರಾಗುತ್ತ ಅರ್ಧ ದಾಟಿದಾಗ ಅವಳೇ ಮಾತಾಡಿದಳು.

"ಹಳೇ ಕಾರ್ಡಿಗೆ ಏನಾಗಿತ್ತು?"

"ಸ್ಲೋ ಆಗಿತ್ತು. ನೀವ ಹೇಳಿದ್ರಿ."

"ಏನೂ ಆಗಿದ್ದಿಲ್ಲ."

ನಾನು ತಿರುಗಿ ನೋಡಿದೆ. ಅವಳು ಪರದೆಯನ್ನೇ ನೋಡುತ್ತಿದ್ದಳು. ಕಿವಿ ಮಾತ್ರ ಕೆಂಪಾಗಿತ್ತು.

"ಮತ್ತ ಹೋಳಿ ಹುಣ್ಣಿವಿಗೆ ಕೀಬೋರ್ಡ್ ಕೆಟ್ಟಿದ್ದು?"

"ವೈರ್ ನಾನ ಕಿತ್ತಿದ್ದೆ."

"ವೈರಸ್ ಬಂದೈತಿ ಅಂತ ಕರಸಿದ್ರಿ?"

"ಸವದತ್ತ್ಯಾಗ ಕಂಪ್ಯೂಟರ್ ರಿಪೇರಿಯವ್ರ ಇಲ್ಲೇನು? ಬೈಲಹೊಂಗಲದಿಂದ ನಿಮ್ಮನ್ನ ಯಾಕ ಕರಸ್ತಿದ್ದೆ? ಹೊಸಾ ಕಾರ್ಡ್ ಹಾಕಿಸಿದ್ರ ಇನ್ನೊಂದ ಸರ್ತಿ ಬರತೀರಲ್ಲ ಅಂತ ಹೂಂ ಅಂದೆ. ಜಗತ್ತಿನ ಮಷೀನಿನ ರೋಗಾ ಹಿಡೀತೀರಿ, ಇದೊಂದ ತಿಳೀಲಿಲ್ಲ ನಿಮಗ!"

ನಾನು ಮೂರೂ ಲೋಕದ ಮಹಾ ಮೆಕ್ಯಾನಿಕ್, ನೆಲದ ಮೇಲೆ ಕೂತಲ್ಲೇ ಗಳಗಳನೆ ಅತ್ತುಬಿಟ್ಟೆ.

ಬಾಗಿಲಲ್ಲಿ ಸಂಗಪ್ಪನವರು ಹೆಗಲ ಮೇಲಿನ ಟವೆಲ್ ಸರಿಮಾಡುತ್ತ ನಿಂತರು. "ಆತೇನವಾ?"

"ಇನ್ನೇನ ಮುಗೀತಪ್ಪಾ."

"ಮತ್ತ ಈ ಹುಡುಗ ಯಾಕ ಅಳಾಕ ಹತ್ಯಾನ?"

"ಅವರು ಗುಡ್ಡಕ್ಕ ಹೋಗಿ ನನ್ನ ಬೇಡಿಕೊಂಡ ಬಂದಾರಪ್ಪಾ. ನಾ ಹೂಂ ಅಂದೇನಿ. ಅದಕ್ಕ."

ಸಂಗಪ್ಪನವರು ನನ್ನನ್ನು ನೋಡಿದರು, ಮಗಳನ್ನು ನೋಡಿದರು, ಓಡುತ್ತಿದ್ದ ಹಸಿರು ಪಟ್ಟಿಯನ್ನು ನೋಡಿದರು. "ಮೊದಲ ಕಿತ್ತೂರ ಮುಟ್ರಿ. ಅಲ್ಲಿ ಮಾನ ಉಳೀಲಿ. ಉಳಿದದ್ದು ಕುಂತ ಮಾತಾಡೂಣು," ಎಂದು ಹೊರಗೆ ಹೋದರು. ಗೊಬ್ಬರದ ಡೀಲರನಿಗೆ ಬೇರೆ ಅಂಗಡಿ ನೋಡಿಕೊಳ್ಳಲು ಫೋನಿನಲ್ಲಿ ಹೇಳುತ್ತಿದ್ದುದು ನನಗೆ ಕೇಳಿಸಿತು.

ಗಾಳಿಯನ್ನೇ ಹಿಂದೆ ಹಾಕಿ ಬೈಕ್ ಓಡಿಸಿದೆ ಎನ್ನಬಹುದಿತ್ತು. ನಿಜ ಹೇಳುತ್ತೇನೆ, ಪೆನ್‌ಡ್ರೈವ್ ಮುಷ್ಟಿಯಲ್ಲಿ ಹಿಡಿದು ಹಿಂದೆ ಕೂತವಳು ಬಿದ್ದಾಳೆಂದು ಎತ್ತಿನ ಬಂಡಿಯಂತೆ ಹೋದೆ.

ಕಿತ್ತೂರಿನಲ್ಲಿ ಆ ಗೋಡೆಯಂಥ ಪರದೆ ಬೆಳಗಿದಾಗ ಇಡೀ ಪೆಂಡಾಲು ಊಟ ನಿಲ್ಲಿಸಿತು. ಕೃಷ್ಣವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬಂದು ಮೀನಾಳ ಎರಡೂ ಕೈ ಹಿಡಿದರು.

"ನಮ್ಮ ಸಣ್ಣಾಕಿ ಮದವಿಗೂ ನೀನ ಬರಬೇಕವಾ. ಬ್ಯಾರೆ ಯಾರೂ ಬ್ಯಾಡ."

"ಬರತೇನ್ರಿ ಅಮ್ಮಾರ. ಅದಕ್ಕಿಂತ ಮೊದಲ ಸವದತ್ತ್ಯಾಗ ಒಂದ ಮದವಿ ಐತಿ. ಅದನ್ನಷ್ಟ ನಾ ಶೂಟ್ ಮಾಡಾಕ ಆಗಂಗಿಲ್ಲ."

"ಯಾಕವಾ?"

ಮೀನಾ ಓರೆಗಣ್ಣಿನಿಂದ ನನ್ನತ್ತ ನೋಡಿದಳು.

"ಅದರಾಗ ನಾ ಕುಂತಿರತೇನ್ರಿ."