ಎಡಬದಿಯ ಬಾಗಿಲು

ಬೇಸಿಲ್ ಆ ಗಿರಾಕಿಯನ್ನು ಗುರುತಿಸಿದ್ದು ಕೈ ನೋಡಿ. ಸ್ಟಿಯರಿಂಗಿನ ಮೇಲೆ ಊರಿದ್ದ ಅಗಲವಾದ ಅಂಗೈ, ಗಿಡ್ಡ ಬೆರಳುಗಳು, ಒಂದರಲ್ಲಿ ತಾಮ್ರದ ಉಂಗುರ. ಆಮೇಲೆ ಕಣ್ಣೆತ್ತಿ ಮುಖ ನೋಡಿದ. ಕೂದಲು ಪೂರಾ ಬೆಳ್ಳಗಾಗಿತ್ತು, ಕೆನ್ನೆ ಜೋತಿತ್ತು. ಆದರೂ ಚೆನ್ನಕೇಶವ ಮಾಷ್ಟ್ರೇ.

ಇಪ್ಪತ್ತಮೂರು ವರ್ಷದ ಹಿಂದೆ, ಎಂಟನೇ ಕ್ಲಾಸಿನಲ್ಲಿ, ಹಿಂದಿನ ಬೆಂಚಿನವರು ಯಾರೋ ಡೆಸ್ಕು ಬಡಿದಿದ್ದರು. ಬೋರ್ಡಿನಲ್ಲಿ ಲೆಕ್ಕ ಬರೆಯುತ್ತಿದ್ದ ಮಾಷ್ಟ್ರು ತಿರುಗಿ, ಯಾರು ಏನು ಎಂದು ಕೇಳದೆ, ನೇರವಾಗಿ ಬಂದು ಮೂರನೇ ಬೆಂಚಿನ ತುದಿಯಲ್ಲಿದ್ದ ಬೇಸಿಲ್‌ನ ಎಡಗಿವಿಯ ಮೇಲೆ ಬಾರಿಸಿದರು. ಎರಡು ದಿನ ಕಿವಿಯೊಳಗೆ ಸಿಳ್ಳೆ ಹಾಕಿದಂತಾಯಿತು. ವಾರ ಕಳೆಯುವಾಗ ಕೀವು ಬಂತು. ಶಾಲೆಯಲ್ಲಿ ಪೆಟ್ಟು ತಿಂದೆ ಎಂದರೆ ಮನೆಯಲ್ಲಿ ಇನ್ನೊಂದು ಬೀಳುತ್ತದೆಂದು ಹೆದರಿ, ಹೊಳೆಯಲ್ಲಿ ಮುಳುಗುವಾಗ ನೀರು ಹೋಯಿತು ಎಂದು ಅಪ್ಪ ಪೌಲೋಸರಿಗೆ ಸುಳ್ಳು ಹೇಳಿದ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆ ಕಿವಿಯಲ್ಲಿ ಉಳಿದದ್ದು ಏನೂ ಇರಲಿಲ್ಲ.

ಆಗ ಅವನು ಕಡಬದ ಇಗರ್ಜಿಯ ಗಾಯನ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುತ್ತಿದ್ದ ಹುಡುಗ. ಆಮೇಲೆ ಎಡಬದಿಯಲ್ಲಿ ನಿಂತವರ ಸ್ವರ ಕೇಳಿಸದೆ ಶ್ರುತಿ ತಪ್ಪತೊಡಗಿತು. ಒಂದು ಭಾನುವಾರ ಅವನನ್ನು ಮೆಲ್ಲನೆ ಕರೆದು ಮೇಣದಬತ್ತಿ ಹಚ್ಚುವ ಕೆಲಸಕ್ಕೆ ಹಾಕಿದರು. ಅಂದಿನಿಂದ ಬೇಸಿಲ್ ಬಚ್ಚಲಲ್ಲಿ ಕೂಡ ಹಾಡಿದವನಲ್ಲ.

ಈಗ ಅವನು ಪುತ್ತೂರಿನಲ್ಲಿ ಹಕೀಮ್‌ನ ಕಾರ್ ಆಡಿಯೋ ಅಂಗಡಿಯ ಮುಖ್ಯ ಫಿಟ್ಟರ್. ಒಂದು ಕಿವಿ ಸತ್ತಿದೆ ಎಂಬುದು ಹಕೀಮ್‌ಗೂ ತಿಳಿಯದು. ಮಾತಾಡುವಾಗ ಬೇಸಿಲ್ ಸದಾ ಬಲಬದಿ ಕೊಟ್ಟು ನಿಲ್ಲುತ್ತಿದ್ದ, ಕ್ಯಾಂಟೀನಿನಲ್ಲಿ ಎಡಕ್ಕೆ ಗೋಡೆ ಇರುವ ಕುರ್ಚಿಯನ್ನೇ ಹಿಡಿಯುತ್ತಿದ್ದ. ಡ್ರೈವರ್ ಸೀಟಿನ ತಲೆದಿಂಬಿಗೆ ಪುಟ್ಟ ಮೈಕ್ ಕಟ್ಟಿ, ಮೊಬೈಲಿನಲ್ಲಿ ಮೂಡುವ ಸ್ವರದ ಗೆರೆಗಳನ್ನು ನೋಡಿ ಟ್ಯೂನ್ ಮಾಡುತ್ತಿದ್ದ. ಗೆರೆ ಸಮವಾದರೆ ಸ್ವರವೂ ಸಮ. "ಬೇಸಿಲ್‌ನ ಕಿವಿ ಅಂದ್ರೆ ಕಿವಿ ಮಾರಾಯ್ರೆ" ಎಂದು ಹಕೀಮ್ ಗಿರಾಕಿಗಳ ಮುಂದೆ ಹೊಗಳುವಾಗ ಅವನು ಸ್ಕ್ರೂ ತಿರುಗಿಸುತ್ತಿದ್ದ.

ಮಾಷ್ಟ್ರು ಕಾರಿನಿಂದ ಇಳಿದು ವಿಷಯ ಹೇಳಿದರು. ನಿವೃತ್ತಿಯ ಮೇಲೆ ಪಂಜದಲ್ಲಿ ಮನೆ ಮಾಡಿದ್ದಾರೆ. ಹಳೆಯ ಭಾವಗೀತೆಗಳೆಂದರೆ ಪ್ರಾಣ. ಆದರೆ ಕಾರಿನ ಜೊತೆ ಬಂದ ಸ್ಪೀಕರಿನಲ್ಲಿ ತಬಲ ಯಾವುದು ಟಯರಿನ ಶಬ್ದ ಯಾವುದು ಗೊತ್ತಾಗುವುದಿಲ್ಲ. ಬರುವ ತಿಂಗಳ ಎರಡನೇ ಭಾನುವಾರ ಮಡಿಕೇರಿಯಲ್ಲಿ ಅವರಿಗೆ ಸನ್ಮಾನ. ಅಷ್ಟರೊಳಗೆ ಒಳ್ಳೆಯ ಸಿಸ್ಟಮ್ ಬೇಕು.

ಬೇಸಿಲ್ ಅವರಿಗೆ ಒಂದು ಅವಕಾಶ ಕೊಟ್ಟ. "ನಾನು ನಿಮ್ಮ ಸ್ಟೂಡೆಂಟ್ ಸರ್. ಎಂಟನೇ ಕ್ಲಾಸಲ್ಲಿ ನೀವೇ ಲೆಕ್ಕ ಪಾಠ ಮಾಡಿದ್ದು."

"ಹೌದನಾ! ಹೆಸರೆಂತ? ಬೇಸಿಲ್... ನೆನಪಾಗುದಿಲ್ಲ ನೋಡು." ಮಾಷ್ಟ್ರು ಅವನ ಬೆನ್ನು ತಟ್ಟಿದರು. "ನಿನಗೂ ಪೆಟ್ಟು ಕೊಟ್ಟಿರ್ಬೇಕಲ್ಲ ನಾನು? ನನ್ನ ಕೈಯಲ್ಲಿ ಪೆಟ್ಟು ತಿಂದವರೆಲ್ಲ ಉದ್ಧಾರ ಆಗಿದ್ದಾರೆ. ನೀನೂ ಆಗಿದ್ದಿ!"

ಹಕೀಮ್ ನಕ್ಕ. ಬೇಸಿಲ್ ಕೂಡ ನಕ್ಕ. ಹಾಗೆ ನಗುತ್ತಿರುವಾಗಲೇ ಅವನ ಮನಸ್ಸಿನಲ್ಲಿ ಸೇಡಿನ ಮಾತು ಇತ್ಯರ್ಥವಾಗಿ ಹೋಯಿತು.

ಮೊದಲು ಬಂದ ಯೋಚನೆಗಳೆಲ್ಲ ಒರಟಾಗಿದ್ದವು. ವೈರು ಸುಡುವುದು, ಬ್ರೇಕು ಕೆಡಿಸುವುದು. ಅವನ್ನು ಅವನು ಒಂದೇ ದಿನದಲ್ಲಿ ಬಿಟ್ಟ. ಮಾಷ್ಟ್ರು ಸತ್ತರೆ ಊರು ಹೂವು ಹಾಕುತ್ತದೆ, ಭಾಷಣ ಮಾಡುತ್ತದೆ. ಬೇಸಿಲ್‌ಗೆ ಬೇಕಾದದ್ದು ಇಷ್ಟು: ಅವರು ಬದುಕಿರಬೇಕು, ಆದರೆ ಜನ ಅವರ ಪಕ್ಕದಲ್ಲಿ ನಿಲ್ಲಬಾರದು. ತನ್ನನ್ನು ಮೆಲ್ಲನೆ ಕರೆದು ಸಾಲಿನಿಂದ ಹೊರಗೆ ಹಾಕಿದ ಹಾಗೆ ಅವರನ್ನೂ ಹಾಕಬೇಕು.

ಅಪ್ಪ ತೀರಿಕೊಂಡ ಮೇಲೆ ಅಟ್ಟ ಗುಡಿಸುವಾಗ ನಾಲ್ಕು ತುಂಡು ಗಂಧದ ಮರ ಸಿಕ್ಕಿತ್ತು. ಯಾವ ಕಾಲದ್ದೋ, ಎಲ್ಲಿಂದ ಬಂದದ್ದೋ. ಅರಣ್ಯ ಇಲಾಖೆಗೆ ಒಪ್ಪಿಸಿದರೆ ಸಾವಿರ ಪ್ರಶ್ನೆ ಎಂದು ಅಲ್ಲೇ ಬಿಟ್ಟಿದ್ದ. ಈಗ ಅವುಗಳಿಗೆ ಒಂದು ಜಾಗ ಸಿಕ್ಕಿತು. ಮಡಿಕೇರಿಗೆ ಹೋಗುವ ಕಾರು ಕಲ್ಲುಗುಂಡಿ ದಾಟಿದ ಮೇಲೆ ಅರಣ್ಯ ಇಲಾಖೆಯ ತಪಾಸಣೆಯ ಗೇಟಿನಲ್ಲಿ ನಿಲ್ಲಲೇಬೇಕು. ಸನ್ಮಾನಕ್ಕೆ ಹೊರಟ ಮಾಷ್ಟ್ರ ಕಾರಿನ ಬಾಗಿಲೊಳಗೆ ಗಂಧ! ಕೇಸು ಕೊನೆಗೆ ಏನಾದರೂ ಆಗಲಿ, ಆ ಒಂದು ಫೋಟೋ ಸಾಕು. ಸಂಜೆಯೊಳಗೆ ಸುಳ್ಯದಿಂದ ಸುಬ್ರಹ್ಮಣ್ಯದವರೆಗೆ ಎಲ್ಲರ ಮೊಬೈಲಿನಲ್ಲಿರುತ್ತದೆ.

ತನ್ನ ಮೇಲೆ ಸಂಶಯ ಬರುವುದೇ? ಅದನ್ನೂ ತಿರುಗಿಸಿ ಮುರುಗಿಸಿ ಯೋಚಿಸಿದ. ಸಂಶಯಕ್ಕೆ ದ್ವೇಷ ಬೇಕು. ದ್ವೇಷ ಇದೆಯೆಂದು ಹೇಳಬೇಕಾದವರೇ ಎಲ್ಲ ಮರೆತಿದ್ದಾರೆ. ಮಾಷ್ಟ್ರ ಆ ಮರೆವೇ ತನಗೆ ಕಾವಲು.

ಸಿಸ್ಟಮ್ ಆರಿಸಲು ಮಾಷ್ಟ್ರು ಮೂರು ಸಲ ಬಂದರು. ಬೇಸಿಲ್ ಯಾವ ಗಿರಾಕಿಗೂ ಅಷ್ಟು ತಾಳ್ಮೆ ತೋರಿಸಿದವನಲ್ಲ. ಅವರಿಗೆ ಸೀಟಿನಡಿಯ ವೂಫರ್ ಒಂದರ ಮೇಲೆ ಮನಸ್ಸಿತ್ತು. ಅದನ್ನು ಹಾಕಿದರೆ ಬಾಗಿಲು ಬಿಚ್ಚುವ ಅಗತ್ಯವೇ ಬರುವುದಿಲ್ಲ.

"ಅದು ಪೇಟೆ ಹುಡುಗರಿಗೆ ಸರ್. ಡಬ ಡಬ ಮಾತ್ರ" ಎಂದ ಬೇಸಿಲ್. "ನಿಮಗೆ ಹಾಡಿನ ಶಬ್ದ ಬಿಡಿಬಿಡಿಯಾಗಿ ಕೇಳ್ಬೇಕು. ಬಾಗಿಲಲ್ಲಿ ದೊಡ್ಡ ಸ್ಪೀಕರ್ ಎರಡು, ಕನ್ನಡಿಯ ಹತ್ತಿರ ಸಣ್ಣ ಟ್ವೀಟರ್ ಎರಡು, ಡ್ಯಾಶಿನ ಅಡಿಗೆ ಒಂದು ಆಂಪ್. ಇಷ್ಟೇ ಸಾಕು."

"ನೀನು ಹೇಳಿದ ಹಾಗೆ ಮಾರಾಯ. ಕಿವಿ ನಿನ್ನದು."

ಅಂಗಡಿಯ ಬೋರ್ಡಿನಲ್ಲಿ ಸಾಲಾಗಿ ಜೋಡಿಸಿದ್ದ ಸ್ಪೀಕರುಗಳಲ್ಲಿ ಒಂದೊಂದರಲ್ಲೂ ಒಂದೇ ಹಾಡನ್ನು ಹಾಕಿ ತೋರಿಸಿದ. ಮಾಷ್ಟ್ರು ಕಣ್ಣು ಮುಚ್ಚಿ, ಆ ಅಗಲ ಅಂಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಾ ಕೇಳಿದರು. ಮೂರನೆಯದರಲ್ಲಿ ಕೊಳಲು ಬಂದಾಗ ಅವರ ಕಣ್ಣು ತೇವವಾಯಿತು. ಬೇಸಿಲ್ ಅದನ್ನು ನೋಡಿದ. ತಾನು ಕಳೆದುಕೊಂಡದ್ದರ ರುಚಿ ಈ ಮನುಷ್ಯನಿಗೆ ಇಷ್ಟು ಚೆನ್ನಾಗಿ ಗೊತ್ತಿದೆಯಲ್ಲ ಎಂದುಕೊಂಡು ನಾಲ್ಕನೆಯದಕ್ಕೆ ವೈರು ಬದಲಿಸಿದ.

ಫಿಟ್ಟಿಂಗಿಗೆ ಸನ್ಮಾನಕ್ಕೆ ಮೂರು ದಿನ ಮೊದಲಿನ ಗುರುವಾರ ನಿಗದಿಯಾಯಿತು. ಗಂಧದ ವಾಸನೆ ಅಡಗಿಸಲು ಬೇಸಿಲ್ ಮನೆಯ ರಬ್ಬರ್ ಒಣಗಿಸುವ ಹೊಗೆಗೂಡಿನಿಂದ ಎರಡು ರಬ್ಬರ್ ಶೀಟು ತಂದ. ಹೊಗೆ ಹಿಡಿದ ಆ ಶೀಟಿನ ನಾತದ ಮುಂದೆ ಯಾವ ಗಂಧವೂ ನಿಲ್ಲದು. ತುಂಡುಗಳನ್ನು ಅದರಲ್ಲಿ ಬಿಗಿಯಾಗಿ ಸುತ್ತಿ ಟೇಪು ಹಾಕಿದ. ಬಾಗಿಲಿನ ತಗಡು ಅದುರದಂತೆ ರಬ್ಬರ್ ಶೀಟು ಕತ್ತರಿಸಿ ಒಳಗೆ ಅಂಟಿಸುವುದು ಅವನ ಹಳೆಯ ಅಭ್ಯಾಸವಾದ್ದರಿಂದ ಅಂಗಡಿಯಲ್ಲಿ ಯಾರೂ ಆ ಕಟ್ಟನ್ನು ಎರಡನೇ ಸಲ ನೋಡಲಿಲ್ಲ.

ಯಾವ ಬಾಗಿಲು? ಡ್ರೈವರ್ ಬದಿಯದರಲ್ಲಿ ಸ್ವಿಚ್ಚುಗಳು ಜಾಸ್ತಿ, ಏನಾದರೂ ಕೆಟ್ಟರೆ ಮೆಕ್ಯಾನಿಕ್ ಮೊದಲು ಬಿಚ್ಚುವುದು ಅದನ್ನೇ. ಎಡಬದಿ ಸುರಕ್ಷಿತ. ಎಡಬದಿಯೇ ಇರಲಿ ಎಂದು ಅವನ ಮನಸ್ಸಿಗೂ ಅನಿಸಿತು. ಎಡಕ್ಕೆ ಎಡ. ಕಿಟಕಿಯ ಗಾಜು ಇಳಿದರೆ ತಾಗದಂತೆ, ಸ್ಪೀಕರಿನ ಹಿಂದೆ, ತಗಡಿನ ತಳದಲ್ಲಿ ಕಟ್ಟನ್ನು ಕೂರಿಸಿ, ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡ್ ಮುಚ್ಚಿದ. ಗಾಜನ್ನು ಹತ್ತು ಸಲ ಏರಿಸಿ ಇಳಿಸಿದ. ಆಮೇಲೆ ಡ್ರೈವರ್ ಸೀಟಿನಲ್ಲಿ ಕುಳಿತು, ಮೈಕ್ ಕಟ್ಟಿ, ಗೆರೆಗಳು ಸಮವಾಗುವವರೆಗೆ ಒಂದೂವರೆ ಗಂಟೆ ಟ್ಯೂನ್ ಮಾಡಿದ. ಅಷ್ಟು ಶುದ್ಧವಾದ ಕೆಲಸ ಅವನು ಹಿಂದೆ ಮಾಡಿರಲಿಲ್ಲ. ಸಂಜೆ ಮಾಷ್ಟ್ರು ಬಂದು, ಪೇಟೆಯ ಗದ್ದಲದಲ್ಲೇ ಡ್ರೈವರ್ ಕಿಟಕಿಯಿಂದ ತಲೆ ತೂರಿಸಿ ಒಂದು ಚರಣ ಕೇಳಿ, "ಆಹಾ" ಎಂದು, ಭಾನುವಾರ ಬೆಳಿಗ್ಗೆ ಎಂಟಕ್ಕೆಲ್ಲ ಕಲ್ಲುಗುಂಡಿ ದಾಟಬೇಕು ಎನ್ನುತ್ತಾ ಕಾರು ತೆಗೆದುಕೊಂಡು ಹೋದರು.

ಶನಿವಾರ ಮಧ್ಯಾಹ್ನ ಹಲ್ಲುನೋವೆಂದು ಹೇಳಿ ಬೇಸಿಲ್ ಅಂಗಡಿಯಿಂದ ಹೊರಟ. ಹಿಂದೆ ಬೀಗವಿಲ್ಲದ ಸಾಮಾನಿನ ಬಾಕ್ಸಿದ್ದ ಬೈಕನ್ನು ಬೇಕೆಂದೇ ಅಂಗಡಿಯ ಎದುರಿಗೆ ಎಲ್ಲರ ಕಣ್ಣಿಗೆ ಬೀಳುವಂತೆ ಬಿಟ್ಟ. ಅದು ಅಲ್ಲಿದ್ದರೆ ಅವನು ಪುತ್ತೂರಿನಲ್ಲೇ ಇದ್ದ ಹಾಗೆ. ಬಸ್ಸಿನಲ್ಲಿ ಸುಳ್ಯಕ್ಕೆ ಹೋಗಿ, ನಿಲ್ದಾಣದಲ್ಲಿ ಕುಳಿತಿದ್ದ ಮುದುಕರೊಬ್ಬರಿಂದ "ಚಾರ್ಜ್ ಮುಗಿದಿದೆ ಅಣ್ಣ, ಒಂದು ಕಾಲ್" ಎಂದು ಮೊಬೈಲ್ ಕೇಳಿ ಪಡೆದ. ಅರಣ್ಯ ಇಲಾಖೆಗೆ ಫೋನ್ ಮಾಡಿ, ತನ್ನ ಮಾತಿನಲ್ಲಿರುವ ಮನೆಮಾತು ಮಲಯಾಳದ ಎಳೆತವನ್ನು ಅಡಗಿಸಿ, ತುಳುವರು ಕನ್ನಡ ಮಾತಾಡುವ ಹಾಗೆ ಮಾತಾಡಿದ. ಕಾರಿನ ನಂಬರು, ನಾಳೆ ಬೆಳಿಗ್ಗೆ ಎಂಟರ ಹೊತ್ತು, ಎಡಬದಿಯ ಮುಂದಿನ ಬಾಗಿಲು, ರಬ್ಬರ್ ಶೀಟಿನಲ್ಲಿ ಸುತ್ತಿದ ಗಂಧ. ಕಾಲ್ ಮಾಡಿದ ನಂಬರನ್ನು ಅಳಿಸಿ ಮೊಬೈಲ್ ಹಿಂದೆ ಕೊಟ್ಟ. ಅವನು ಪುತ್ತೂರಿಗೆ ಮರಳುವಾಗ, ಮದುವೆಗೆ ಹೋಗುವುದಿದ್ದ ಹಕೀಮ್ ಬೇಗ ಶಟರ್ ಎಳೆದಿದ್ದ. ಬೈಕು ಇಟ್ಟಲ್ಲೇ ಇತ್ತು. ಹತ್ತಿ ಸೀದಾ ಕಡಬದ ಮನೆಗೆ ಹೋದ.

ಭಾನುವಾರ ಗೇಟಿನ ಬಳಿ ಹೋಗಬಾರದೆಂದು ಅವನಿಗೆ ತಿಳಿದಿತ್ತು. ಆದರೆ ಇಷ್ಟು ವರ್ಷ ಕಾದದ್ದು ಆ ಮುಖವನ್ನು ನೋಡಲಿಕ್ಕಲ್ಲವೇ? ಅಕ್ಕ ಅಲ್ಫೋನ್ಸಾಳ ಮನೆ ಗೇಟಿನಿಂದಾಚೆಯೇ ಇದೆ. ತಮ್ಮನಾದವನು ಅಕ್ಕನ ಮನೆಗೆ ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಡ. ಏಳೂವರೆಗೆಲ್ಲ ಗೇಟಿನ ಎದುರಿನ ಹೋಟೆಲಿನಲ್ಲಿ ಚಹಾ ಹಿಡಿದು ಕುಳಿತಿದ್ದ.

ಎಂಟು ಹತ್ತಕ್ಕೆ ಮಾಷ್ಟ್ರ ಬಿಳಿ ಕಾರು ಬಂತು. ಗೇಟು ಏಳಲಿಲ್ಲ. ಫಾರೆಸ್ಟರ್ ಮತ್ತು ಇಬ್ಬರು ಗಾರ್ಡುಗಳು ಹತ್ತಿರ ಹೋದರು. ಮಾಷ್ಟ್ರು ಇಳಿದರು, ಹೆಗಲ ಮೇಲೆ ಜರಿಯ ಶಾಲು. ಎಡಬದಿಯಿಂದ ಅವರ ಹೆಂಡತಿ ದುಗ್ಗಮ್ಮ ಇಳಿದು ರಸ್ತೆಯ ಬದಿಗೆ ನಿಂತರು. ಹಿಂದೆ ಸಾಲುಗಟ್ಟಿದ ಕಾರುಗಳಿಂದ ಜನ ತಲೆ ಹೊರಹಾಕಿ ನೋಡತೊಡಗಿದರು. ಒಬ್ಬ ಮೊಬೈಲ್ ಎತ್ತಿ ಹಿಡಿದ. ಬೇಸಿಲ್ ಚಹಾ ಗುಟುಕರಿಸಿದ. ಜೀವಮಾನದಲ್ಲಿ ಅಷ್ಟು ಸಿಹಿಯಾದ ಚಹಾ ಕುಡಿದ ನೆನಪಿರಲಿಲ್ಲ.

ಅಷ್ಟರಲ್ಲಿ ಮಾಷ್ಟ್ರು ಈಚೆ ತಿರುಗಿದವರು ಅವನನ್ನು ಕಂಡರು.

"ಬೇಸಿಲ್! ಒಳ್ಳೆ ಹೊತ್ತಿಗೆ ಸಿಕ್ಕಿದಿ, ಬಾ ಇಲ್ಲಿ! ಇವರು ಬಾಗಿಲು ಬಿಚ್ಚಬೇಕೂಂತ ಹೇಳ್ತಿದ್ದಾರೆ. ಗೊತ್ತಿಲ್ಲದೆ ಮುರಿದು ಹಾಕಿಯಾರು."

ಬೇಸಿಲ್ ಚಹಾದ ಲೋಟ ಕೆಳಗಿಟ್ಟ. ಆಮೇಲೆ, ಇದಕ್ಕಿಂತ ಹೆಚ್ಚಿನದನ್ನು ತಾನು ಬೇಡಿಕೊಂಡಿದ್ದರೂ ಸಿಗುತ್ತಿರಲಿಲ್ಲ ಎನಿಸಿತು. ಬೈಕನ್ನು ಹೋಟೆಲಿನ ಮುಂದೆಯೇ ಬಿಟ್ಟು ರಸ್ತೆ ದಾಟಿದ. ಫಾರೆಸ್ಟರ್ ಸ್ಕ್ರೂಡ್ರೈವರ್ ಕೊಟ್ಟರು. "ಬೇಜಾರು ಮಾಡ್ಬೇಡಿ ಮಾಷ್ಟ್ರೇ. ರಬ್ಬರ್ ಶೀಟಲ್ಲಿ ಸುತ್ತಿದ ಗಂಧ ಉಂಟೂಂತ ಯಾರೋ ಫೋನ್ ಮಾಡಿದ್ದಾರೆ. ನೋಡದೆ ಬಿಡ್ಲಿಕ್ಕಾಗುದಿಲ್ಲ."

ಬೇಸಿಲ್ ಮಂಡಿಯೂರಿದ. ಒಂದು ಸ್ಕ್ರೂ, ಎರಡು, ಮೂರು. ಕ್ಲಿಪ್ಪುಗಳು ಟಪಟಪ ಬಿಟ್ಟವು. ಡೋರ್ ಪ್ಯಾಡನ್ನು ಎಳೆದು ಪಕ್ಕಕ್ಕಿಟ್ಟು, ಎಲ್ಲರಿಗೂ ಕಾಣಲಿ ಎಂದು ತಾನು ಸ್ವಲ್ಪ ಸರಿದ. ಒಳಗೆ ಸ್ಪೀಕರಿನ ಬೆನ್ನು, ಎರಡು ವೈರು, ಖಾಲಿ ತಗಡು.

"ರಬ್ಬರ್ ಶೀಟಾ?" ದುಗ್ಗಮ್ಮ ಗಂಡನ ಮುಖ ನೋಡಿದರು. "ನಿನ್ನೆ ತೆಗೆದದ್ದೇ ಇರ್ಬೇಕಲ್ಲ?" ಮಾಷ್ಟ್ರು ತಲೆಯಾಡಿಸಿ ಬೇಸಿಲ್‌ನ ಕಡೆಗೆ ಬಾಗಿದರು. "ನಿನ್ನೆ ಮಧ್ಯಾಹ್ನ ಅಂಗಡಿಗೆ ಬಂದಿದ್ದೆವು ಮಾರಾಯ, ನೀನು ಹಲ್ಲು ತೋರಿಸ್ಲಿಕ್ಕೆ ಹೋಗಿದ್ದಿಯಂತೆ. ಹಕೀಮೇ ಬಿಚ್ಚಿ ನೋಡಿದ. ಒಳಗೆ ರಬ್ಬರ್ ಶೀಟಿನ ಒಂದು ಕಟ್ಟು. ಇದು ಬೇಸಿಲ್‌ನ ಸಾಮಾನು, ಮರೆತಿದ್ದಾನೆ ಅಂತ ನಿನ್ನ ಬೈಕಿನ ಬಾಕ್ಸಿಗೇ ಹಾಕಿದ. ಅವನು ಹೇಳ್ಲಿಲ್ವಾ?" ಫಾರೆಸ್ಟರ್ ನಿಧಾನವಾಗಿ ತಲೆಯೆತ್ತಿ, ರಸ್ತೆಯಾಚೆ ಹೋಟೆಲಿನ ಮುಂದೆ ನಿಂತಿದ್ದ ಬೈಕನ್ನು ನೋಡಿದರು. ಅವರ ಹಿಂದಿದ್ದ ಇಬ್ಬರು ಆಗಲೇ ಅತ್ತ ಹೆಜ್ಜೆ ಹಾಕಿದ್ದರು. ಮಾಷ್ಟ್ರಿಗೆ ಅದೊಂದೂ ಕಾಣಲಿಲ್ಲ. ಅವರು ಹಳೆಯ ಶಿಷ್ಯನ ಹೆಗಲ ಮೇಲೆ ಆ ಅಗಲ ಅಂಗೈ ಇಟ್ಟು ಕೇಳುತ್ತಿದ್ದರು: "ಗುರುವಾರ ಅಂಗಡಿಯಿಂದ ಹೊರಟಾಗಿನಿಂದ ಈ ಎಡಬದಿಯ ಬಾಗಿಲಲ್ಲಿ ಗರ್ ಅಂತ ಒಂದೇ ಸಮ ಶಬ್ದ. ಇವಳಿಗೆ ಕೂತುಕೊಳ್ಲಿಕ್ಕೆ ಆಗ್ತಿರಲಿಲ್ಲ. ಅಷ್ಟು ಹೊತ್ತು ಕೂತು ಟ್ಯೂನ್ ಮಾಡಿದ್ದಿಯಲ್ಲ, ನಿನ್ನ ಕಿವಿಗೆ ಅದು ಹೇಗೆ ಕೇಳ್ಲಿಲ್ಲ ಬೇಸಿಲ್?"